ಅತಿಯಾಗಿ ಉಜ್ಜಿದ್ದು

ಲೆಮ್‌ಸ್ಟರಿನ ಹಳೆಯ ಉಣ್ಣೆಮಂಡಿಯಲ್ಲಿ
ತಿಂಗಳಿಗೊಂದು ಗುರುವಾರ ಹರಾಜು.
ನನ್ನ ಕೆಲಸ ಅದಕ್ಕೂ ಮೊದಲಿನದು:
ಕತ್ತಿಗೆ ಕತ್ತಿ ಎಂದು, ಕಲೆಗೆ ಕಲೆ ಎಂದು
ಪಟ್ಟಿಯಲ್ಲಿ ಬರೆಯುವುದು. ಮೂವತ್ತೊಂದು ವರ್ಷ.

ಬಲು ಜಿಪುಣ ಭಾಷೆ ನಮ್ಮದು.
'ಅಂಚಿಗೆ ಪೆಟ್ಟು.' 'ರಿಬ್ಬನ್ ಹೊಸತು.'
'ಒರೆ ಇಲ್ಲ.' 'ಹಿಡಿಯ ತಂತಿ ಸಡಿಲ.'
ಯಾರು ಕೊಟ್ಟ ಪೆಟ್ಟು, ಎಲ್ಲಿ ಹೋಯಿತು ಒರೆ
ಎಂದು ಕೇಳಹೊರಟರೆ ಸಾಲು ಉದ್ದವಾಗುತ್ತದೆ,
ಪ್ರಾಸರ್ ಸಾಹೇಬರು ಕೆಂಪು ಪೆನ್ಸಿಲ್ ಎತ್ತುತ್ತಾರೆ.

ಈ ಸಲ ನೂರಾ ಹದಿನಾಲ್ಕು: ಬಯೊನೆಟ್ಟು.
ತುದಿ ಸೊಟ್ಟ, ಅಲಗಿಗೆ ಮಸಿ.
ಯುದ್ಧ ಮುಗಿದ ಮೇಲೆ ಯಾರೋ ಐವತ್ತು ಚಳಿಗಾಲ
ಇದರಲ್ಲೇ ಕಲ್ಲಿದ್ದಲು ಕೆದಕಿದ್ದಾರೆ,
ಬ್ರೆಡ್ಡು ಚುಚ್ಚಿ ಸುಟ್ಟಿದ್ದಾರೆ.
ಮೂಸಿದೆ. ಬೆಣ್ಣೆಯ ವಾಸನೆ ಬಂತು ಎಂದರೆ
ಸುಳ್ಳಾದೀತು. ಎಣ್ಣೆ, ಕಬ್ಬಿಣ, ಅಷ್ಟೆ.
'ಗೃಹಬಳಕೆಯ ಗುರುತುಗಳಿವೆ' ಎಂದು ಬರೆದೆ.

ನೂರಾ ಹದಿನೈದು: ಸತ್ತವನ ಮನೆಗೆ
ಸರ್ಕಾರ ಕಳಿಸಿದ ಕಂಚಿನ ಬಿಲ್ಲೆ, ಅಂಗೈಯಗಲ.
ಒಂದು ಸಿಂಹ, ಎರಡು ಡಾಲ್ಫಿನ್, ಒಂದು ಹೆಸರು.
ಅಂಚಿನಲ್ಲೊಂದು ತೂತು:
ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು, ಪಾಪ.
ತೂತಿಗೆ ನಲವತ್ತು ಪೌಂಡು ನಷ್ಟ.

ನೂರಾ ಹದಿನಾರು. ಇನಕ್ ಟ್ರಾಂಟರ್,
ಸಾಮಾನ್ಯ ಸಿಪಾಯಿ, ಶ್ರಾಪ್‌ಶೈರ್ ಕಾಲ್ದಳ.
ಅಂಚಿನ ಸುತ್ತ ನಂಬರು, ಹೆಸರು,
ಭೂತಗನ್ನಡಿಯಲ್ಲಿ ಇರುವೆಸಾಲು, ಸ್ಪಷ್ಟ.
ಮುಖ ತಿರುಗಿಸಿದರೆ ಅರಸನಿಗೆ ಮೂಗಿಲ್ಲ,
ಕಿವಿಯಿಲ್ಲ, ಗಡ್ಡವಿಲ್ಲ,
ಬೆಳ್ಳಿಯ ಬಯಲಲ್ಲಿ ತಲೆಯ ಹಾಗೊಂದು ದಿಬ್ಬ.

ತಂದವಳು ಮಿಸೆಸ್ ಹಾಡ್ನೆಟ್. ಚಹಾ ಬೇಡವೆಂದಳು,
ಆಮೇಲೆ ಎರಡು ಕಪ್ ಕುಡಿದಳು.
"ನಮ್ಮ ಮುತ್ತಜ್ಜಿ," ಎಂದಳು, "ಭಾನುವಾರ
ಚರ್ಚಿನಿಂದ ಬಂದು ಟೋಪಿ ಕೂಡ ತೆಗೆಯದೆ
ಬೂದಿ, ವಿನಿಗರ್, ಹಳೆ ಬನಿಯನ್ನಿನ ಚೂರು ಹಿಡಿದು
ಕೂತುಬಿಡೋಳು. ಮೂವತ್ತೆಂಟು ವರ್ಷ.
ಅವನ ಹೆಸರು ಎತ್ತಿದ್ದು ನಾನಂತೂ ಕೇಳಲಿಲ್ಲ.
ಕಪ್ಪಾಗ್ತದೆ ಅನ್ನೋಳು. ಬಿಟ್ಟರೆ ಕಪ್ಪಾಗ್ತದೆ."

ಬೆಳ್ಳಿ ಬಿಟ್ಟರೆ ಕಪ್ಪಾಗುತ್ತದೆ, ನಿಜ.
'ಅತಿಯಾಗಿ ಉಜ್ಜಿದ್ದು' ಎಂದು ಬರೆದೆ,
ಹೊಡೆದುಹಾಕಿದೆ, ಮತ್ತೆ ಅದನ್ನೇ ಬರೆದೆ.
ತಕ್ಕಡಿಗಿಟ್ಟೆ. ಇರಬೇಕಾದ ತೂಕಕ್ಕೆ
ಮೂರು ಗ್ರಾಂ ಕಡಿಮೆ.

ನೂರಾ ಹದಿನೇಳಕ್ಕೆ ನಾನು ಬರೆಯುವುದೇ ಇರಲಿಲ್ಲ.
ರಿಜಿಸ್ಟರ್ಡ್ ಲಕೋಟೆ, ಸಾವಿರದ ಒಂಬೈನೂರ ಇಪ್ಪತ್ತೊಂದು,
ಶ್ರೀಮತಿ ಬೆಬ್, ಟೆನ್‌ಬರಿ. ಅರಗು ಒಡೆದಿಲ್ಲ.
ಅಲ್ಲಾಡಿಸಿದರೆ ಸಣ್ಣಗೆ ಕಟಕಟ.
ಅವಳು ಯಾಕೆ ಒಡೆಯಲಿಲ್ಲವೋ,
ಬಾಗಿಲಲ್ಲೇ ಇಸಿದುಕೊಂಡು ಎಲ್ಲಿಟ್ಟಳೋ.

ಬಾತ್‌ನಿಂದ ಪೆಟಿಫರ್ ಬಂದಿದ್ದರು, ಬಿಳಿ ಕೈಗವುಸು,
ಮನೆಯಲ್ಲಿ ಅವರಿಗೆ ನಲವತ್ತು ಡ್ರಾಯರ್.
ಹಸುಳೆಯ ಹಾಗೆ ಎತ್ತಿಕೊಂಡರು ಲಕೋಟೆಯನ್ನು.
"ಒಡೆದು ನೋಡುತ್ತೀರಾ?" ಕೇಳಿದೆ.
"ಹುಚ್ಚೇ ನಿಮಗೆ? ಒಡೆದರೆ ಬೆಲೆ ಅರ್ಧ."

ಸವಾಲು ಸಾವಿರ ದಾಟಿತು, ಎರಡು ಸಾವಿರ,
ಕಾರ್ಡಿಫಿನ ಫೋನು ಅಲ್ಲಿ ಸೋತಿತು.
ಒಂದು ಸಾರಿ, ಎರಡು ಸಾರಿ, ಸುತ್ತಿಗೆ.
ಅದಕ್ಕೂ ಮುಂಚೆ ನೂರಾ ಹದಿನಾರನ್ನು
ಯಾರೂ ಕೂಗಲೊಲ್ಲದೆ, ಕೊನೆಗೆ ಹೆರೆಫರ್ಡಿನ
ಅಕ್ಕಸಾಲಿ ಬೆಳ್ಳಿಯ ಲೆಕ್ಕದಲ್ಲಿ ಒಯ್ದ.
ಮೂರು ಗ್ರಾಮು ಮುರಿದುಕೊಂಡೇ ಕೊಟ್ಟ.

ಸಂಜೆ ಹಾಡ್ನೆಟ್ ಚೆಕ್ಕು ಎಣಿಸಲಿಲ್ಲ.
"ಸುತ್ತಿ ತಂದಿದ್ದ ಬಟ್ಟೆ?" ಅಂದಳು.
ನನ್ನ ಮೇಜಿನ ಮೇಲಿತ್ತು, ಅಂಗೈಯಷ್ಟು,
ಕಪ್ಪೆಂದರೆ ಇದ್ದಿಲಗಪ್ಪು, ತೊಗಲಿನಂತೆ ಗಡುಸು.
"ಅದು ಪಟ್ಟಿಯಲ್ಲಿರಲಿಲ್ಲವಲ್ಲ," ಎಂದು
ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.
ಲಡ್ಲೋ ಬಸ್ಸು ಆರಕ್ಕೆ.

ನಾನು ದೀಪ ಹಾಕಿ ಮುಂದಿನ ತಿಂಗಳ
ಒಂದನೆಯದನ್ನು ಎತ್ತಿಕೊಂಡೆ:
'ತಾಮ್ರದ ಕಹಳೆ. ಹೊಟ್ಟೆಗೆ ತಗ್ಗು.
ಊದುವ ಬಾಯಿ